ಮೂತಿಯಲ್ಲಿ ಇಡದ ಸೀಸ

"ಗುರುಗಳೇ, ಯಾರ ಕಣ್ಣಿಗೂ ಬೀಳದ ತಪ್ಪನ್ನು ತಿದ್ದಲೇಬೇಕೇ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಶಲಕರ್ಮಿ ಇದ್ದ. ಪುಟ್ಟ ಮಾದರಿ ವಿಮಾನಗಳನ್ನು ಕಟ್ಟಿಕೊಡುವುದು ಅವನ ಕೆಲಸ. ರೆಸಿನ್ ಎಂಬ ಪ್ಲಾಸ್ಟಿಕ್ಕಿನಂಥ ವಸ್ತುವಿನಲ್ಲಿ ಎರಕ ಹೊಯ್ದ ತುಂಡುಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಅವುಗಳನ್ನು ತೀಡಿ, ಅಂಟಿಸಿ, ಬಣ್ಣ ಹಚ್ಚುತ್ತಿದ್ದ. ರೆಸಿನ್ ಸುಲಭದ ವಸ್ತುವಲ್ಲ. ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡು ಮೈಯೆಲ್ಲ ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ರೆಕ್ಕೆ ಸೊಟ್ಟಗಾಗುತ್ತದೆ. ಅವನು ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ ನೇರ ಮಾಡುತ್ತಿದ್ದ. ಒಂದೊಂದು ತೂತಿಗೂ ಪುಟ್ಟಿ ತುಂಬಿ ಮರಳು ಕಾಗದದಿಂದ ಉಜ್ಜುತ್ತಿದ್ದ. ಕೊನೆಗೆ ಕಣ್ಣು ಮುಚ್ಚಿ ಅದರ ಮೈಮೇಲೆ ಉಗುರು ಎಳೆಯುತ್ತಿದ್ದ. ಉಗುರು ಎಲ್ಲಿಯೂ ತಡೆಯಬಾರದು. ತಡೆದರೆ ಮತ್ತೆ ಉಜ್ಜುವುದು. ಅವನು ಕಟ್ಟಿದ ವಿಮಾನದಲ್ಲಿ ಎರಡು ಹೋಳುಗಳು ಎಲ್ಲಿ ಸೇರಿವೆ ಎಂದು ಹೇಳಲು ಯಾರಿಗೂ ಆಗುತ್ತಿರಲಿಲ್ಲ.

ಒಂದು ದಿನ ಒಬ್ಬ ಮುದುಕ ಹೆಂಡತಿಯ ಕೈ ಹಿಡಿದುಕೊಂಡು ಬಂದ. ವಿಮಾನ ಹಾರಿಸುವುದನ್ನು ಕಲಿಸುವ ಒಂದು ಕ್ಲಬ್ಬಿನಲ್ಲಿ ಇಪ್ಪತ್ತಾರು ವರ್ಷ ಸಹಾಯಕನಾಗಿದ್ದವನು. ಬೆಳಿಗ್ಗೆ ವಿಮಾನವನ್ನು ಶೆಡ್ಡಿನಿಂದ ಹೊರಗೆ ತರುವುದು, ಸಂಜೆ ಒಳಗೆ ತಳ್ಳುವುದು ಆತನ ಕೆಲಸವಾಗಿತ್ತು. ಒಂದು ಸಲವೂ ಅದರಲ್ಲಿ ಕುಳಿತು ಹಾರಿರಲಿಲ್ಲ. ಕ್ಲಬ್ಬು ಮುಚ್ಚಿತು. ವಿಮಾನ ಗುಜರಿಗೆ ಹೋಯಿತು. ಆಮೇಲೆ ಸಕ್ಕರೆ ಕಾಯಿಲೆಯಿಂದ ಆತನ ಕಣ್ಣೂ ಹೋಯಿತು.

"ಫೋಟೋ ಇದೆ. ಆದರೆ ಅದರಿಂದ ನನಗೆ ಉಪಯೋಗವಿಲ್ಲ. ಕೈಗೆ ಸಿಗುವ ಹಾಗೆ ಒಂದು ಮಾಡಿಕೊಡಿ. ಇನ್ನೊಂದು ಸಲ ಅದನ್ನು ಮುಟ್ಟಬೇಕು," ಎಂದ.

"ನನ್ನ ಕೈ ಮುಟ್ಟಬೇಕು ಅಂತ ಒಂದು ದಿನವೂ ಹೀಗೆ ಕೇಳಿದವರಲ್ಲ," ಎಂದಳು ಹೆಂಡತಿ.

"ನಿನ್ನನ್ನು ಗುಜರಿಗೆ ಹಾಕಿಲ್ಲವಲ್ಲ ಮಾರಾಯ್ತಿ," ಎಂದ ಮುದುಕ.

ಕುಶಲಕರ್ಮಿ ಒಪ್ಪಿಕೊಂಡ.

ಪೆಟ್ಟಿಗೆ ಬಂತು. ಒಳಗಿನ ಕಾಗದದಲ್ಲಿ ಒಂದು ಸೂಚನೆ ಇತ್ತು: ಮೈಯ ಎರಡು ಹೋಳುಗಳನ್ನು ಮುಚ್ಚುವ ಮೊದಲು ಮೂತಿಯೊಳಗೆ ಸೀಸ ಇಡಬೇಕು. ಆ ವಿಮಾನಕ್ಕೆ ಮೂತಿಯ ಕೆಳಗೆ ಒಂದು ಚಕ್ರ, ರೆಕ್ಕೆಗಳ ಕೆಳಗೆ ಎರಡು. ಮುಂದೆ ಭಾರವಿಲ್ಲದಿದ್ದರೆ ಅದು ಬಾಲದ ಮೇಲೆ ಕೂತುಬಿಡುತ್ತದೆ. ಅವನು ಸೂಚನೆಯನ್ನು ಓದಿದ. ಸೀಸದ ಗುಂಡುಗಳನ್ನು ತಂದು ಒಂದು ಬಟ್ಟಲಲ್ಲಿ ಇಟ್ಟುಕೊಂಡ. ಆದರೆ ಎರಡು ಹೋಳುಗಳನ್ನು ಸುಮ್ಮನೆ ಕೂಡಿಸಿ ನೋಡಿದಾಗ ಅವು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿಕೊಂಡವು. ರೆಸಿನ್ನಿನಲ್ಲಿ ಇದು ಅಪರೂಪ. ಅವನಿಗೆ ಖುಷಿಯಾಯಿತು. ಆ ಖುಷಿಯಲ್ಲೇ ಅಂಟು ಹಚ್ಚಿ ಒತ್ತಿ ಹಿಡಿದ. ಸೀಸ ಬಟ್ಟಲಲ್ಲೇ ಉಳಿಯಿತು.

ಎರಡು ತಿಂಗಳು ಉಜ್ಜಿದ. ಬೂದು ಬಣ್ಣದ ಪ್ರೈಮರ್ ಹೊಡೆದ. ಬರಿಗಣ್ಣಿಗೆ ಕಾಣದ ತೂತುಗಳು ಪ್ರೈಮರ್ ಹೊಡೆದ ಮೇಲೆ ಕಾಣುತ್ತವೆ. ಹದಿನೇಳು ಕಂಡವು. ಹದಿನೇಳನ್ನೂ ಮುಚ್ಚಿದ. ಬಿಳಿ ಬಣ್ಣ ಹಚ್ಚಿ ನೀಲಿ ಪಟ್ಟಿ ಎಳೆದ. ಚಕ್ರಗಳನ್ನು ಕೊನೆಗೆ ಹಾಕುವುದು ಅವನ ರೂಢಿ. ಮೊದಲೇ ಹಾಕಿದರೆ ಉಜ್ಜುವಾಗ ಮುರಿಯುತ್ತವೆ. ಹಾಕಿ, ಮೇಜಿನ ಮೇಲೆ ಇಟ್ಟ. ವಿಮಾನ ಮೂತಿ ಎತ್ತಿ ಬಾಲದ ಮೇಲೆ ಕೂತಿತು.

ಆಗ ಬಟ್ಟಲು ನೆನಪಾಯಿತು.

ಈಗ ಸೀಸ ಇಡಬೇಕೆಂದರೆ ಮೈ ಕೊಯ್ಯಬೇಕು. ಅವನಿಗೆ ಕೈ ಬರಲಿಲ್ಲ. ಒಂದು ಮರದ ಪೀಠ ಮಾಡಿದ. ಮುಂದಿನ ಚಕ್ರದೊಳಗೆ ಸಣ್ಣ ಮೊಳೆ ತೂರಿಸಿ ಪೀಠಕ್ಕೆ ಅಂಟಿಸಿದ. ವಿಮಾನ ಮೂರು ಚಕ್ರಗಳ ಮೇಲೆ ನೆಟ್ಟಗೆ ನಿಂತಿತು. ನೋಡಿದರೆ ಒಂದು ಕೊರತೆಯೂ ಇರಲಿಲ್ಲ. ನೋಡಲಾಗದವನಿಗಂತೂ ಏನು ತಿಳಿದೀತು ಎಂದುಕೊಂಡ.

ಗಂಡ ಹೆಂಡತಿ ಬಂದರು. ಮುದುಕ ಪೀಠದ ಮುಂದೆ ಕುಳಿತು ಎರಡೂ ಕೈಗಳಿಂದ ಮುಟ್ಟಿದ. ರೆಕ್ಕೆ ಮುಟ್ಟಿದ, ಬೆನ್ನು ಮುಟ್ಟಿದ. "ನಮ್ಮದು ಹೊಸದಾಗಿದ್ದಾಗಲೂ ಇಷ್ಟು ನುಣುಪಾಗಿರಲಿಲ್ಲ," ಎಂದ. ಆಮೇಲೆ ಒಂದು ಬೆರಳನ್ನು ಬಾಲದ ಬುಡದಲ್ಲಿ ಇಟ್ಟು ಮೆಲ್ಲಗೆ ಒತ್ತಿದ.

ಅಂಥ ವಿಮಾನವನ್ನು ನೆಲದ ಮೇಲೆ ಕೈಯಿಂದ ತಿರುಗಿಸುವ ಕ್ರಮವೇ ಹಾಗೆ. ಬಾಲ ಒತ್ತಿದರೆ ಮೂತಿ ಏಳುತ್ತದೆ. ಹಿಂದಿನ ಎರಡು ಚಕ್ರಗಳ ಮೇಲೆ ಬೇಕಾದ ಕಡೆಗೆ ತಿರುಗಿಸಿ ಕೈ ಬಿಟ್ಟರೆ ಮೂತಿ ತಾನಾಗಿ ಇಳಿಯುತ್ತದೆ. ಇಪ್ಪತ್ತಾರು ವರ್ಷ ಪ್ರತಿ ಬೆಳಿಗ್ಗೆ ಮುದುಕನ ಅಂಗೈ ಒತ್ತಿದ್ದು ಅಲ್ಲಿಯೇ. ಕುಶಲಕರ್ಮಿಗೆ ಇದು ಗೊತ್ತಿರಲಿಲ್ಲ.

ಮೂತಿ ಏಳಲಿಲ್ಲ. ಮುದುಕ ಮತ್ತೆ ಒತ್ತಿದ. ಏಳಲಿಲ್ಲ.

"ಓಹೋ, ಗಾಳಿಗೆ ಹೋಗದ ಹಾಗೆ ಕಟ್ಟಿ ಹಾಕಿದ್ದೀರಾ? ನಾವೂ ಮಳೆಗಾಲದಲ್ಲಿ ಹಗ್ಗ ಬಿಗಿಯುತ್ತಿದ್ದೆವು," ಎಂದ.

"ಹೌದು," ಎಂದ ಕುಶಲಕರ್ಮಿ.

"ಹಾಗಾದರೆ ಒಮ್ಮೆ ಬಿಚ್ಚಿ. ಹೊರಗೆ ತರುತ್ತೇನೆ."

ಮುದುಕ ಬೆರಳನ್ನು ಬಾಲದ ಮೇಲೆಯೇ ಇಟ್ಟುಕೊಂಡು ಕಾದ. ಹೆಂಡತಿ ಬಗ್ಗಿ ಮುಂದಿನ ಚಕ್ರವನ್ನು ನೋಡಿದಳು. ಆಮೇಲೆ ಕುಶಲಕರ್ಮಿಯ ಮುಖವನ್ನು ನೋಡಿದಳು.

"ಕಟ್ಟಿಲ್ಲ ಅಜ್ಜ, ಅಂಟಿಸಿದ್ದೇನೆ," ಎಂದ ಕುಶಲಕರ್ಮಿ. "ಮೂತಿಯಲ್ಲಿ ಭಾರ ಇಡುವುದು ಮರೆತುಹೋಯಿತು. ಹದಿನೈದು ದಿನ ಕೊಡಿ."

ಮುದುಕ ಬೆರಳು ತೆಗೆದ.

"ಮತ್ತೆ ಎರಡು ಬಸ್ಸು ಹತ್ತಿ ಬರಬೇಕು," ಎಂದಳು ಹೆಂಡತಿ. ಆದರೆ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅವರು ಹೋದ ಮೇಲೆ ಅವನು ಪೀಠದಿಂದ ವಿಮಾನವನ್ನು ಕಿತ್ತ. ಹೊಟ್ಟೆಯ ಕೆಳಗೆ ಕೊಯ್ದರೆ ಗಾಯ ಕಾಣುವುದಿಲ್ಲ. ಆದರೆ ಅಲ್ಲಿ ಎಷ್ಟು ಸೀಸ ಇಟ್ಟರೂ ಮೂತಿ ಇಳಿಯದು. ಭಾರ ಆದಷ್ಟು ತುದಿಯಲ್ಲಿ ಇರಬೇಕು. ತುದಿಯೆಂದರೆ ಅವನು ಎಲ್ಲಕ್ಕಿಂತ ಹೆಚ್ಚು ಉಜ್ಜಿದ ಜಾಗ. ಸಣ್ಣ ಗರಗಸ ತೆಗೆದುಕೊಂಡು ಅಲ್ಲಿಯೇ ಕೊಯ್ದ.

ಗುಂಡುಗಳನ್ನು ಒಂದೊಂದಾಗಿ ಒಳಗೆ ಹಾಕುತ್ತ ಬಂದ. ಒಂಬತ್ತನೆಯದಕ್ಕೆ ಮೂತಿ ಇಳಿಯಿತು. ಧೈರ್ಯಕ್ಕೆಂದು ಹದಿನಾಲ್ಕು ಹಾಕಿದ. ಈಗ ಬಾಲ ಒತ್ತಿದರೂ ಮೂತಿ ಏಳಲು ಒಲ್ಲೆ ಎಂದಿತು. ಮುಂದಿನ ಚಕ್ರದ ರೆಸಿನ್ ಕಾಲು ಭಾರಕ್ಕೆ ಬಾಗಿತು. ಮೂರು ಗುಂಡು ತೆಗೆದ. ಕಾಲನ್ನು ಕಿತ್ತು ಹಿತ್ತಾಳೆ ತಂತಿಯ ಕಾಲು ಹಾಕಿದ. ಚಕ್ರಗಳು ಉರುಳುವ ಹಾಗೆ ಅಂಟು ಬಿಡಿಸಿದ. ಆಮೇಲೆ ಕಣ್ಣು ಮುಚ್ಚಿ ಮುದುಕ ಒತ್ತಿದ ಜಾಗದಲ್ಲಿ ಒತ್ತಿದ. ಇಷ್ಟು ವರ್ಷ ಕಣ್ಣು ಮುಚ್ಚಿ ಮೈಯನ್ನು ಮಾತ್ರ ನೋಡಿದ್ದ. ಭಾರವನ್ನು ನೋಡಿದ್ದು ಇದೇ ಮೊದಲು.

ಕೊಯ್ದದ್ದನ್ನು ಮುಚ್ಚಿ ಪುಟ್ಟಿ ತುಂಬಿದ. ಪುಟ್ಟಿ ಒಣಗುವಾಗ ಕುಗ್ಗುತ್ತದೆ. ಬಣ್ಣ ಹಚ್ಚಿದ ಮೇಲೆ ಒಂದು ಗೆರೆ ಕಂಡಿತು. ಉಜ್ಜಿ ಮತ್ತೆ ತುಂಬಿದ. ಮತ್ತೆ ಕಂಡಿತು. ಅಷ್ಟರಲ್ಲಿ ಹದಿನೈದು ದಿನ ಮುಗಿಯಿತು.

ಈ ಸಲ ಪೀಠವಿರಲಿಲ್ಲ. ವಿಮಾನ ಬರಿಯ ಮೇಜಿನ ಮೇಲೆ ನಿಂತಿತ್ತು. ಮುದುಕ ರೆಕ್ಕೆ, ಬೆನ್ನು ಒಂದನ್ನೂ ಮುಟ್ಟಲಿಲ್ಲ. ನೇರವಾಗಿ ಬಾಲವನ್ನು ಹುಡುಕಿ ಒತ್ತಿದ. ಮೂತಿ ಎದ್ದಿತು. ಬಲಕ್ಕೆ ತಿರುಗಿಸಿ ಬೆರಳು ತೆಗೆದ. ಟಕ್ ಎಂದು ಮೂತಿ ಇಳಿಯಿತು.

"ಶೆಡ್ಡಿನ ಬಾಗಿಲು ತೆಗಿ," ಎಂದ ಹೆಂಡತಿಗೆ.

"ತೆಗೆದೇ ಇದೆ, ತನ್ನಿ," ಎಂದಳು ಅವಳು.

ಕುಶಲಕರ್ಮಿ ಸಂಕೋಚದಿಂದ, "ಅಜ್ಜ, ಮೂತಿಯ ಮೇಲೆ ಒಂದು ಗೆರೆ ಉಳಿದುಬಿಟ್ಟಿದೆ," ಎಂದ. ಮುದುಕ ಕೇಳಿಸಿಕೊಳ್ಳಲಿಲ್ಲ. ವಿಮಾನವನ್ನು ತಳ್ಳುತ್ತ ಮೇಜಿನ ಅಂಚಿನವರೆಗೆ ಬಂದಿದ್ದ. ಹೆಂಡತಿ ಅಲ್ಲಿ ಅಂಗೈ ಅಡ್ಡ ಹಿಡಿದು ನಿಂತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆ ಯೋಚಿಸಿ ಕೇಳಿದಳು: "ಮುದುಕ ಬಾಲ ಒತ್ತಿದ, ಅದಕ್ಕೆ ಗೊತ್ತಾಯಿತು. ಒತ್ತದೇ ಹೋಗಿದ್ದರೆ? ಕೊನೆಯವರೆಗೂ ಯಾರಿಗೂ ಗೊತ್ತಾಗದ ತಪ್ಪುಗಳೂ ಇರುತ್ತವಲ್ಲವೇ, ಗುರುಗಳೇ?"

"ಇರುತ್ತವೆ," ಎಂದರು ಗುರುಗಳು, "ಆದರೆ ಅಂಥವುಗಳ ಬಗ್ಗೆ ಯಾರೂ ನಿನ್ನ ಹಾಗೆ ನನ್ನಲ್ಲಿಗೆ ಬಂದು ಕೇಳುವುದಿಲ್ಲ."