ಹಿಂದಿನ ಸೀಟಿನ ಮಾತು

ಶಿಷ್ಯ ಕೇಳಿದ: "ಗುರುಗಳೇ, ನನ್ನೊಳಗೆ ಸದಾ ಒಂದು ಸದ್ದು. ಧ್ಯಾನಕ್ಕೆ ಕೂತರೂ ಅದೇ, ಪಾಠಕ್ಕೆ ಕೂತರೂ ಅದೇ. ಮೊನ್ನೆ ತಂಗಿ ಊರಿಂದ ಬಂದು ಎಷ್ಟೋ ಹೊತ್ತು ಮಾತಾಡಿ ಹೋದಳು. ಏನು ಹೇಳಿದಳೆಂದು ಕೇಳಿದರೆ ಒಂದೂ ನೆನಪಿಲ್ಲ. ಈ ಸದ್ದನ್ನು ಕಡಿಮೆ ಮಾಡಲು ಏನಾದರೂ ಉಪಾಯ ಹೇಳಿ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಸುತ್ತಲಿನ ಪೇಟೆಗಳ ದರ್ಜಿ ಅಂಗಡಿಗಳಿಗೆ ನೂಲು, ಗುಂಡಿ, ಹುಕ್ಕು, ಲೇಸು ಒದಗಿಸುವುದು ಅವನ ಕಸುಬು. ಸರಕನ್ನು ಚೀಲಗಳಲ್ಲಿ ತುಂಬಿ, ಮೋಟರ್‌ಸೈಕಲ್ಲಿನ ಎರಡೂ ಬದಿಗೆ ಇಳಿಬಿಟ್ಟು ಬೆಳಿಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದ. ಹೆಂಡತಿ ಪಂಕಜಳೂ ಜೊತೆಗೆ ಬರುತ್ತಿದ್ದಳು. ಬಣ್ಣ ಹೊಂದಿಸುವುದರಲ್ಲಿ ಅವಳ ಕಣ್ಣು ಬಲು ಚುರುಕು. ದರ್ಜಿ ಒಂದು ತುಂಡು ಬಟ್ಟೆ ತೋರಿಸಿದರೆ ಸಾಕು, ಅದಕ್ಕೆ ಒಪ್ಪುವ ನೂಲಿನ ಉಂಡೆಯನ್ನು ಚೀಲದಿಂದ ಹೆಕ್ಕಿ ಕೊಡುತ್ತಿದ್ದಳು. ಅವಳು ಬಾರದ ದಿನ ವ್ಯಾಪಾರಿಗೆ ವ್ಯಾಪಾರವೂ ರುಚಿಸುತ್ತಿರಲಿಲ್ಲ, ದಾರಿಯೂ ಸಾಗುತ್ತಿರಲಿಲ್ಲ.

ಅವರದು ತುಂಬಿದ ಮನೆ. ತಾಯಿ, ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು. ಒಂದು ಕೋಣೆಯಲ್ಲಿ ಆಡಿದ ಮಾತು ಮೂರನೆಯ ಕೋಣೆಗೆ ಕೇಳಿಸುತ್ತಿತ್ತು. ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡುವ ಜಾಗವೇ ಅಲ್ಲಿರಲಿಲ್ಲ. ಹಾಗಾಗಿ ಮನೆಯಲ್ಲಿ ಬಾಯಿ ಕಟ್ಟಿಕೊಂಡಿದ್ದ ಪಂಕಜ ಊರು ದಾಟಿದ ಮೇಲೆ ಮಾತು ಶುರುಮಾಡುತ್ತಿದ್ದಳು. ಮೋಟರ್‌ಸೈಕಲ್ಲಿನ ಹಿಂದಿನ ಸೀಟು ಅವಳ ಪಾಲಿಗೆ ಸ್ವಂತ ಮನೆ.

ಆದರೆ ವ್ಯಾಪಾರಿಗೆ ಅವಳ ಮಾತು ಕೇಳಿಸುತ್ತಿರಲಿಲ್ಲ. ಊರು ದಾಟಿದರೆ ನೇರ ರಸ್ತೆ, ಎರಡೂ ಕಡೆ ಬಯಲು. ಗಾಡಿ ವೇಗ ಹಿಡಿಯುತ್ತಿದ್ದ ಹಾಗೆ ಹೆಲ್ಮೆಟ್ಟಿನೊಳಗೆ ಗಾಳಿ ಭೋರೆನ್ನುತ್ತಿತ್ತು. "ಏನಂದೆ?" ಎಂದು ಕೇಳುತ್ತಿದ್ದ. ಅವಳು ಇನ್ನೊಮ್ಮೆ ಹೇಳುತ್ತಿದ್ದಳು. ಮತ್ತೆ ಕೇಳಿದರೆ "ಏನಿಲ್ಲ ಬಿಡಿ" ಅನ್ನುತ್ತಿದ್ದಳು. ಹಾಗಂದಾಗ ಅವನಿಗೆ ಬೇಸರವಾಗುತ್ತಿತ್ತು. ಮೂರು ಮೂರು ಸಲ ಕೇಳಲು ಸಂಕೋಚಪಟ್ಟು, ಬರಬರುತ್ತಾ "ಹೂಂ" ಅನ್ನುವುದನ್ನು ಕಲಿತ. ಅವಳು ನಕ್ಕರೆ ಆ ನಗೆಯ ಅಲುಗಾಟ ಅವನ ಬೆನ್ನಿಗೆ ತಾಗುತ್ತಿತ್ತು. ಆಗ ಅವನೂ ನಗುತ್ತಿದ್ದ.

ಹೆಂಡತಿಯ ಮಾತು ಕೇಳಬೇಕೆಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು. ಅದಕ್ಕಾಗಿಯೇ ಗಾಳಿಯ ಸದ್ದನ್ನು ಅಡಗಿಸಲು ಹೊರಟ. ಗ್ಯಾರೇಜಿಗೆ ಹೋಗಿ ಗಾಡಿಯ ಮುಂದೆ ಗಾಜು ಹಾಕಿಸಿದ. ಎದೆಗೆ ಬಡಿಯುತ್ತಿದ್ದ ಗಾಳಿ ಗಾಜಿನ ಅಂಚು ಹತ್ತಿ ನೇರ ತಲೆಗೇ ಬಂದು ಬಡಿಯಿತು. ಸದ್ದು ಹೆಚ್ಚಾಯಿತು. ಅದನ್ನು ತೆಗೆಸಿ ಎತ್ತರದ ಗಾಜು ಹಾಕಿಸಿದ. ತಲೆಗೆ ಸಡಿಲವಾಗಿದ್ದ ಹೆಲ್ಮೆಟ್ ಬಿಟ್ಟು ಕೆನ್ನೆಗೆ ಅಂಟಿ ಕೂರುವಂಥದ್ದು ತಂದ. ಗದ್ದದ ಕೆಳಗಿನಿಂದ ಗಾಳಿ ನುಗ್ಗದಿರಲೆಂದು ಕೊರಳಿಗೆ ಮಫ್ಲರ್ ಸುತ್ತಿದ. ಹೆಲ್ಮೆಟ್ಟಿನ ತೂತುಗಳಿಗೆ ಅಂಟುಪಟ್ಟಿ ಹಚ್ಚಿದ. ಕೊನೆಗೆ ಕಿವಿಗೆ ಹತ್ತಿಯನ್ನೂ ಇಟ್ಟುಕೊಂಡ.

ಒಂದೊಂದು ಉಪಾಯಕ್ಕೂ ಸದ್ದು ಒಂದಿಷ್ಟು ಇಳಿಯುತ್ತಿತ್ತು. ಸದ್ದು ಇಳಿದಾಗ ಗಾಡಿ ನಿಧಾನ ಹೋಗುತ್ತಿದೆ ಅನ್ನಿಸುತ್ತಿತ್ತು. ಅವನ ಕೈ ತನ್ನಷ್ಟಕ್ಕೆ ವೇಗ ಏರಿಸುತ್ತಿತ್ತು. ವೇಗ ಏರಿದರೆ ಸದ್ದು ಮತ್ತೆ ಬರುತ್ತಿತ್ತು. ಅವನು ಮತ್ತೊಂದು ಉಪಾಯ ಹುಡುಕುತ್ತಿದ್ದ.

"ರೀ, ಎಲ್ಲಾದರೂ ಸ್ವಲ್ಪ ನಿಲ್ಲಿಸ್ತೀರಾ?" ಎಂದು ಪಂಕಜ ಒಮ್ಮೆ ಅವನ ಭುಜ ತಟ್ಟಿ ಕೂಗಿ ಕೇಳಿದಳು.

ಅಷ್ಟು ಮಾತು ಅವನಿಗೆ ಕೇಳಿಸಿತು. "ಅಂಗಡಿಯವರು ಊಟಕ್ಕೆ ಎದ್ದುಬಿಡ್ತಾರೆ. ಬರುವಾಗ ನಿಲ್ಲಿಸೋಣ" ಅಂದ. ಬರುವಾಗ ಕತ್ತಲಾಗುತ್ತಿತ್ತು. ಮನೆಯಲ್ಲಿ ಕಾಯುತ್ತಾರೆಂದು ನಿಲ್ಲಿಸಲಿಲ್ಲ.

ದೀಪಾವಳಿ ಹತ್ತಿರ ಬಂತು. ದರ್ಜಿಗಳಿಗೆ ಬಿಡುವಿಲ್ಲದ ಕಾಲ, ವ್ಯಾಪಾರಿಗೂ ಬಿಡುವಿಲ್ಲ. ಒಂದು ಬೆಳಿಗ್ಗೆ ಬಯಲಿನ ರಸ್ತೆಯಲ್ಲಿ ಪಂಕಜ ಅವನ ಬೆನ್ನಿಗೆ ಒರಗಿ ಮಾತಾಡತೊಡಗಿದಳು. ಎಂದಿಗಿಂತ ಹೆಚ್ಚು ಹೊತ್ತು ಮಾತಾಡಿದಳು. ನಡುನಡುವೆ ನಿಲ್ಲಿಸಿ ಮತ್ತೆ ಶುರುಮಾಡಿದಳು. ಕೊನೆಗೆ ಏನನ್ನೋ ಕೇಳಿದ ಹಾಗೆ ಅವಳ ದನಿ ಮೇಲೇರಿತು. ವ್ಯಾಪಾರಿ ಊಹಿಸಿದ. ಹಬ್ಬ ಬಂತೆಂದರೆ ತವರಿಗೆ ಹೋಗಿಬರುವ ಮಾತೆತ್ತುವುದು ಅವಳ ವಾಡಿಕೆ. ಇದೂ ಅದೇ ಇರಬೇಕು.

"ಹೂಂ, ಆಗಲಿ. ಹಬ್ಬ ಮುಗೀಲಿ, ಹೋಗೋಣ" ಎಂದು ಕೂಗಿ ಹೇಳಿದ.

ಪಂಕಜ ಅವನ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡು ಅವನ ಬೆನ್ನಿಗೆ ತಲೆ ಆನಿಸಿದಳು. ಪೇಟೆ ಬರುವ ತನಕ ಹಾಗೇ ಕೂತಿದ್ದಳು. ಅವಳಿಗೆ ಸಂತೋಷವಾಗಿದೆ ಎಂದು ಅವನಿಗೂ ಸಂತೋಷವಾಯಿತು.

ಹಬ್ಬ ಮುಗಿಯಿತು. ಒಂದು ದಿನ ಅವನು "ಹೊರಡು, ಹೋಗಿಬರೋಣ" ಅಂದ. ಅವಳು ಯಾರಿಗೂ ಏನೂ ಹೇಳದೆ ಒಳ್ಳೆಯ ಸೀರೆ ಉಟ್ಟು ಬಂದಳು. ಗಾಡಿ ಕವಲು ದಾರಿಗೆ ಬಂದು ಅವಳ ತವರಿನ ಕಡೆ ತಿರುಗಿತು. ಅವಳು ಏನೋ ಕೇಳಿದಳು. ಅವನು "ಹೂಂ" ಅಂದ. ಮತ್ತೊಮ್ಮೆ ಕೇಳಿದಳು. ಅವನು ಮತ್ತೆ "ಹೂಂ" ಅಂದು ತಲೆಯಾಡಿಸಿದ. ಆಮೇಲೆ ಅವಳು ಏನೂ ಕೇಳಲಿಲ್ಲ. ತವರಿನಲ್ಲಿ ತಾಯಿ ಹೋಳಿಗೆ ಮಾಡಿ ಬಡಿಸಿದಳು. ಪಂಕಜ ಅರ್ಧಕ್ಕೇ ಎದ್ದಳು.

ಅಂದಿನಿಂದ ದಾರಿಯಲ್ಲಿ ಅವಳು ಮಾತಾಡುವುದು ನಿಂತಿತು. ವ್ಯಾಪಾರಿ ಇದನ್ನು ಗಮನಿಸಲಿಲ್ಲ. ಹೆಲ್ಮೆಟ್ಟಿನೊಳಗೆ ಈಗ ಎಷ್ಟು ನಿಶ್ಶಬ್ದವಾಗಿದೆ, ಪಟ್ಟ ಶ್ರಮ ಫಲ ಕೊಟ್ಟಿತು ಎಂದುಕೊಂಡ. ಗ್ಯಾರೇಜಿನವನ ಮುಂದೆ ಆ ಗಾಜನ್ನು ಬಾಯಿತುಂಬ ಹೊಗಳಿದ.

ಬೇಸಿಗೆ ಬರುವ ಹೊತ್ತಿಗೆ ಪಂಕಜ ಇಳಿದುಹೋಗಿದ್ದಳು. ಒಂದು ದಿನ ದರ್ಜಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತವಳು ಏಳಲಿಲ್ಲ. ಅವನು ಗಾಬರಿಯಿಂದ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಪರೀಕ್ಷೆ ಮಾಡಿ ಹೊರಬಂದರು. ಎದೆಯಲ್ಲಿ ಗಂಟಿತ್ತು. ಈಗ ಅದು ಎದೆಯಲ್ಲಷ್ಟೇ ಉಳಿದಿರಲಿಲ್ಲ.

"ಇಷ್ಟು ದಿನ ಯಾಕಮ್ಮ ಯಾರಿಗೂ ಹೇಳಲಿಲ್ಲ?" ಎಂದು ಡಾಕ್ಟರಮ್ಮ ಕೇಳಿದರು.

"ಇವರಿಗೆ ಹೇಳಿದ್ದೆ" ಅಂದಳು ಪಂಕಜ. ಅವಳ ದನಿಯಲ್ಲಿ ದೂರು ಇರಲಿಲ್ಲ.

ಡಾಕ್ಟರಮ್ಮ ವ್ಯಾಪಾರಿಯ ಮುಖ ನೋಡಿದರು. ಅವರು ಆಚೆ ಹೋದ ಮೇಲೆ ಅವನು ಹಾಸಿಗೆಯ ಪಕ್ಕ ಕೂತು, "ಪಂಕಜ, ನನಗೆ ಕೇಳಿಸಿರಲಿಲ್ಲ ಕಣೇ" ಅಂದ.

ಅವಳು ಅವನನ್ನೇ ನೋಡಿದಳು. "ಹೂಂ ಅಂದ್ರಲ್ಲ."

"ಅಂದೆ."

"ಹಬ್ಬ ಮುಗೀಲಿ, ಹೋಗೋಣ ಅಂದ್ರಿ."

"ನಿನ್ನ ತವರಿಗೆ ಅಂದ್ಕೊಂಡೆ."

ತವರಿನ ದಾರಿ ಹಿಡಿದ ದಿನ, ಆಸ್ಪತ್ರೆ ಬೇಡವೇ ಎಂದು ಅವಳು ಎರಡು ಸಲ ಕೇಳಿದ್ದಳು. ಅವನು ಎರಡು ಸಲವೂ ಹೂಂ ಅಂದಿದ್ದ. ಗಂಡನಿಗೆ ಇದು ಬೇಡವಾಗಿದೆ ಎಂದು ಅಂದೇ ತೀರ್ಮಾನಿಸಿ, ನೋವನ್ನು ಸೆರಗಿನೊಳಗೆ ಇಟ್ಟುಕೊಂಡು ಇಷ್ಟು ದಿನ ಅವನ ಬೆನ್ನ ಹಿಂದೆಯೇ ಕೂತು ಬಂದಿದ್ದಳು.

"ಹಾಗಾದರೆ ನೀವು ಬೇಡ ಅಂದಿರಲಿಲ್ಲ" ಅಂದಳು.

ಅವಳ ಮುಖದಲ್ಲಿ ನೆಮ್ಮದಿ ಬಂತು. ಆ ನೆಮ್ಮದಿಯನ್ನು ನೋಡಲು ವ್ಯಾಪಾರಿಗೆ ಆಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತ. ಅವಳು ಅವನ ತಲೆ ಸವರಿದಳು. ಹೆಲ್ಮೆಟ್ಟಿನಿಂದ ಅವನ ಕೂದಲು ಹೇಗೆ ಉದುರಿದೆ ಎಂದು ಗದರಿದಳು.

ಉಳಿದ ದಿನಗಳಲ್ಲಿ ಅವನು ವ್ಯಾಪಾರಕ್ಕೆ ಹೋಗಲಿಲ್ಲ. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಅವಳ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿದ. ಹಿಂದಿನ ಸೀಟಿನಲ್ಲಿ ಕೂತು ಏನೇನು ಹೇಳಿದ್ದೆ ಎಂದು ಅವಳು ನೆನೆನೆನೆದು ಹೇಳಿದಳು. ಎಲ್ಲ ಸಣ್ಣ ಮಾತು. ಓರಗಿತ್ತಿಯ ಮಗಳು ಮೊದಲ ಸಲ ಜಡೆ ಹಾಕಿಕೊಂಡದ್ದು, ದರ್ಜಿಯೊಬ್ಬ ತೋಳನ್ನು ತಿರುಗುಮುರುಗಾಗಿ ಹೊಲಿದು ಬೈಸಿಕೊಂಡದ್ದು, ಬಯಲಿನಲ್ಲಿ ಕುಸುಬೆ ಹೂ ಬಿಟ್ಟದ್ದು. ಆ ಬಣ್ಣದ ನೂಲು ನಮ್ಮ ಚೀಲದಲ್ಲಿಲ್ಲ ಎಂದು ಎಷ್ಟು ಸಲ ಹೇಳಿದ್ದೆ ಗೊತ್ತೇ ಅಂದಳು. ಅವನಿಗೆ ಗೊತ್ತಿರಲಿಲ್ಲ. ಅವಳ ದನಿ ದಿನದಿನಕ್ಕೆ ಇಳಿಯಿತು. ಮಾತು ಇನ್ನೂ ಉಳಿದಿರುವಾಗಲೇ ಅವಳು ಹೋದಳು.

ಕರ್ಮಗಳೆಲ್ಲ ಮುಗಿದ ಮೇಲೆ ಹೊಟ್ಟೆಪಾಡು ಅವನನ್ನು ಮತ್ತೆ ರಸ್ತೆಗೆ ಎಳೆಯಿತು. ಗಾಜು, ಹೆಲ್ಮೆಟ್, ಮಫ್ಲರ್ ಎಲ್ಲವೂ ಇದ್ದವು. ಗಾಡಿ ಬಯಲಿಗೆ ಬಂದಾಗ ಒಳಗೆ ಮೌನ. ಯಾವ ಮೌನಕ್ಕಾಗಿ ಅಷ್ಟು ಹಂಬಲಿಸಿದ್ದನೋ ಅದೇ ಮೌನ. "ಏನಂದೆ?" ಎಂದು ಅವನು ಹಿಂದಕ್ಕೆ ಕೇಳಿದ. ಕೇಳಿದ ಮೇಲೆ ಸೀಟು ಬರಿದಾಗಿದೆ ಎಂದು ನೆನಪಾಯಿತು. ಪೇಟೆಗೆ ಹೋಗಿ ದರ್ಜಿಯ ಮುಂದೆ ಚೀಲ ಬಿಚ್ಚಿದ. ದರ್ಜಿ ಬಟ್ಟೆಯ ತುಂಡು ತೋರಿಸಿದ. ವ್ಯಾಪಾರಿ ಒಂದು ಉಂಡೆ ತೆಗೆದ, ಇನ್ನೊಂದು ತೆಗೆದ. ಯಾವುದೂ ಹೊಂದಲಿಲ್ಲ. ದರ್ಜಿ ಕೈಗೆ ಸಿಕ್ಕಿದ್ದನ್ನೇ ತೆಗೆದುಕೊಂಡ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು.

"ಎಂಥ ಗಾಳಿ ಗುರುಗಳೇ ಅದು! ಆ ಗಾಳಿಯೊಂದು ಬೀಸದಿದ್ದರೆ ಆಕೆಯ ಮಾತು ಅವನಿಗೆ ಮುಟ್ಟುತ್ತಿತ್ತು" ಅಂದ.

ಗುರುಗಳು ಹೇಳಿದರು: "ಆ ದಾರಿಯಲ್ಲಿ ಗಾಳಿ ಎಲ್ಲಿ ಬೀಸುತ್ತಿತ್ತು, ಮಗು? ಓಡುತ್ತಿದ್ದವನು ಅವನು."