ಹಾಳೆಗೆ ಕೈಮುಗಿದವನು

"ಮನಸ್ಸು ಹದಕ್ಕೆ ಬಂದಿದೆ ಎಂದು ತಿಳಿಯುವುದು ಹೇಗೆ, ಬುದ್ಧಿ?" ಎಂದು ಚರಂತಯ್ಯ ಮಠದ ಗುರುಗಳನ್ನು ಕೇಳಿದ.

ಗುರುಗಳು ಶಿಷ್ಯನ ಮುಖ ನೋಡಿದರು. "ಯಾಕೆ ಕೇಳಿದೆ, ಮರಿ?"

ಮಠಕ್ಕೆ ಬರುವವರಿಗೆ ವಿಭೂತಿ ಕಟ್ಟಿಕೊಡುವ ಕೆಲಸ ಚರಂತಯ್ಯನದು. ಬಂದವರು ಕಾಯಿಲೆಯವರಾದರೆ, "ಹಚ್ಚಿಕೊಳ್ಳಿ, ಗುಣವಾಗುತ್ತದೆ" ಎಂಬ ಮಾತನ್ನು ಅವನೇ ಸೇರಿಸಿ ಕೊಡುತ್ತಿದ್ದ. ಮೊದಮೊದಲು ಹಾಗೆನ್ನುವಾಗ ನಾಲಗೆ ತೊದಲುತ್ತಿತ್ತು, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಅದೊಂದೂ ಇಲ್ಲ. ಇಂದೂ ಜಗಲಿಯ ಮೇಲೆ ಒಬ್ಬ ತಾಯಿ ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಆಸ್ಪತ್ರೆಗೆ ಹೋಗಬೇಕೋ, ವಿಭೂತಿಯೇ ಸಾಕೋ, ನೀವು ಹೇಳಿದಂತೆ" ಎಂದಿದ್ದಳು. ಪೊಟ್ಟಣ ಅವನ ಕೈಯಲ್ಲೇ ಇತ್ತು.

ಇದನ್ನೆಲ್ಲ ಹೇಳಿ ಚರಂತಯ್ಯ, "ಎದೆಯ ನಡುಕ ನಿಂತುಹೋಗಿದೆ, ಬುದ್ಧಿ. ಇದು ಶಾಂತಿಯಲ್ಲವೇ?" ಎಂದ.

ಗುರುಗಳು ಕೂರುವಂತೆ ಸನ್ನೆ ಮಾಡಿ ಈ ಕತೆ ಹೇಳಿದರು.

ಹೆದ್ದಾರಿಯ ಮಗ್ಗುಲಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಲಾರಿಯ ಅಡಿಗೆ ನಿಂತು ಕೆಲಸ ಮಾಡಲು ಗ್ಯಾರೇಜಿನೊಳಗೆ ಆಳುದ್ದದ ಗುಂಡಿ ತೋಡಿಸಿದ್ದ. ಎಂಜಿನ್ನಿನ ಜಿಡ್ಡು ತೊಳೆಯಲು ಒಬ್ಬ ವ್ಯಾಪಾರಿ ಅವನಿಗೆ ಒಂದು ಡ್ರಮ್ ಕ್ಲೀನರ್ ತಂದುಕೊಟ್ಟ. ಜೊತೆಗೆ ಒಂದು ಸುರಕ್ಷತಾ ಹಾಳೆ ಕೊಟ್ಟು, "ಅಣ್ಣಾ, ಡ್ರಮ್ ಎಲ್ಲಿರುತ್ತೋ ಇದೂ ಅಲ್ಲೇ ಇರಬೇಕು" ಎಂದು ಹೇಳಿ ಹೋದ.

ಮೆಕ್ಯಾನಿಕ್ ಅಂದೇ ಹಾಳೆಯನ್ನು ಓದಿದ. ಈ ದ್ರಾವಣದ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ ಎಂದು ಅದರಲ್ಲಿತ್ತು. ಉಸಿರಾಡುತ್ತಿದ್ದರೆ ಮಂಪರು ಕವಿಯುತ್ತದೆ, ಮೂಗು ಒಗ್ಗಿಹೋಗುತ್ತದೆ, ವಾಸನೆ ಬರುತ್ತಿಲ್ಲವೆಂದು ಧೈರ್ಯಗೊಳ್ಳಬಾರದು ಎಂದಿತ್ತು. ಓದಿ ಬೆವರಿದ. ಗುಂಡಿಗೆ ಗಾಳಿ ಊದಲು ದೊಡ್ಡ ಫ್ಯಾನ್ ತಂದ. ಕೆಲಸ ಮುಗಿದ ಮರುಗಳಿಗೆಯೇ ಮೇಲಕ್ಕೆ ಬರುತ್ತಿದ್ದ. ಜೀವ ಉಳಿಸುವ ಹಾಳೆ ಎಣ್ಣೆಗೈ ತಾಗಿ ಹಾಳಾಗಬಾರದೆಂದು ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ.

ಆಯುಧಪೂಜೆ ಬಂತು. ಸ್ಪ್ಯಾನರಿಗೆ, ಜಾಕಿಗೆ ಕುಂಕುಮ ಇಟ್ಟ. ಹಾಳೆಯೂ ಕೆಲಸದ ಸಾಮಾನೇ ಅಲ್ಲವೇ ಎಂದು ಅದಕ್ಕೂ ಇಟ್ಟು ಹೂ ಮುಡಿಸಿದ. ಮರುವರ್ಷವೂ ಹಾಗೇ ಮಾಡಿದ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹಾಳೆಗೆ ಕೈಮುಗಿಯುವುದು ರೂಢಿಯಾಯಿತು. ಓದುವುದು ಬಿಟ್ಟುಹೋಯಿತು.

ಅಷ್ಟರಲ್ಲಿ ವಾಸನೆಯೂ ನಿಂತಿತು. ವಾಸನೆಯೇ ಇಲ್ಲದ ಮೇಲೆ ಗಾಳಿ ಏಕೆಂದು ಫ್ಯಾನನ್ನು ಮನೆಗೆ ಒಯ್ದ.

ಮನೆಯಲ್ಲಿ ಎದುರಿಗೇ ಹಾಲು ಸೀದರೂ ಅವನಿಗೆ ತಿಳಿಯುತ್ತಿರಲಿಲ್ಲ. "ಮೂಗನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದ್ರಾ?" ಎಂದು ಹೆಂಡತಿ ಹಂಗಿಸಿದಳು. ಎತ್ತಿಕೊಳ್ಳಲು ಹೋದರೆ ಕೂಸು ಮುಖ ತಿರುಗಿಸಿ ಚೀರುತ್ತಿತ್ತು. ಅವನಿಗೆ ನೆಮ್ಮದಿ ಎಂದರೆ ಗುಂಡಿಯೊಂದೇ. ಅಲ್ಲಿ ತಂಪು. ಅಲ್ಲಿ ಕೂತರೆ ಮೈ ಹಗುರ, ಚಿಂತೆ ದೂರ. ಮಧ್ಯಾಹ್ನದ ಬುತ್ತಿಯನ್ನೂ ಅಲ್ಲೇ ಬಿಚ್ಚತೊಡಗಿದ. ಒಮ್ಮೊಮ್ಮೆ ಗುಂಡಿಯ ಗೋಡೆಯ ಆಚೆಯಿಂದ ಯಾರೋ ಮೆಲ್ಲಗೆ ಅವನ ಹೆಸರು ಹಿಡಿದು ಕರೆಯುತ್ತಿದ್ದರು. ಆಚೆ ಇದ್ದದ್ದು ಬರೀ ಮಣ್ಣು. ಆದರೂ ದನಿ ಹಿತವಾಗಿತ್ತು, ಅವನಿಗೆ ಭಯವಾಗಲಿಲ್ಲ. ಒಂದು ದಿನ ಗ್ಯಾರೇಜಿನ ಬೆಕ್ಕು ಗುಂಡಿಗಿಳಿದು ಮಲಗಿತು, ಮತ್ತೆ ಏಳಲಿಲ್ಲ. ಮುದಿಬೆಕ್ಕು, ಅದರ ಕಾಲ ಬಂದಿತ್ತು ಎಂದುಕೊಂಡು ಹಿತ್ತಲಲ್ಲಿ ಹೂತ.

ಒಂದು ಮಧ್ಯಾಹ್ನ ದೂರದೂರಿನ ಲಾರಿ ಚಾಲಕನೊಬ್ಬ ಬಂದ. ಲಾರಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಇಳಿದವನೇ ಮೂಗಿಗೆ ಟವೆಲ್ ಒತ್ತಿಕೊಂಡ.

"ಅಬ್ಬಾ, ಏನಣ್ಣಾ ಇದು ಘಾಟು! ಇದರೊಳಗೆ ಇಳೀತೀಯಾ ನೀನು?"

"ಯಾವ ಘಾಟು? ಹೊಗೆ ಕುಡಿದೂ ಕುಡಿದೂ ನಿನ್ನ ಮೂಗೇ ಕೆಟ್ಟಿದೆ ಕಣಯ್ಯ" ಎಂದು ಮೆಕ್ಯಾನಿಕ್ ನಕ್ಕ.

ಚಾಲಕ ಗೋಡೆಯತ್ತ ಕೈ ತೋರಿಸಿದ. "ಆ ಹಾಳೆ ಓದಿಲ್ವಾ?"

"ಓದೋದೇನು ಬಂತು? ದಿನಾ ಕೈಮುಗೀತೀನಿ" ಎಂದು ಮೆಕ್ಯಾನಿಕ್ ಗುಂಡಿಗೆ ಇಳಿದ.

ಚಾಲಕ ಹೊರಗೆ ಬೇವಿನ ಮರದಡಿ ಕೂತ. ಒಳಗಿನಿಂದ ಸ್ಪ್ಯಾನರಿನ ಸದ್ದು ಬರುತ್ತಿತ್ತು. ಬರುಬರುತ್ತ ಸದ್ದು ನಿಧಾನವಾಯಿತು. ಆಮೇಲೆ ಮೆಕ್ಯಾನಿಕ್ ಯಾರೊಡನೆಯೋ ಮಾತಾಡುವುದು ಕೇಳಿಸಿತು. "ಹೂಂ, ಕೇಳಿಸ್ತು. ಬಂದೆ, ಬಂದೆ" ಎನ್ನುತ್ತಿದ್ದ. ಒಳಗೆ ಬೇರೆ ಯಾರೂ ಇರಲಿಲ್ಲ. ಮತ್ತೆ ಮಾತೂ ನಿಂತಿತು, ಸದ್ದೂ ನಿಂತಿತು.

ಚಾಲಕ ಓಡಿಬಂದು ಗುಂಡಿಯ ಅಂಚಿನಿಂದ ಕೂಗಿದ. ತಾನೂ ಇಳಿದರೆ ಇಬ್ಬರ ಹೆಣ ಎತ್ತಬೇಕಾದೀತೆಂದು ಅವನಿಗೆ ಗೊತ್ತಿತ್ತು. ಲಾರಿಯನ್ನು ಹಿಂದಕ್ಕೆ ತೆಗೆದು, ರಸ್ತೆಯವರನ್ನು ಕರೆದು, ಮೇಲಿನಿಂದಲೇ ಕೊಕ್ಕೆ ಹಾಕಿ ಎಳೆಯುವ ಹೊತ್ತಿಗೆ ಉಸಿರು ಹೋಗಿತ್ತು. ಸತ್ತವನ ಮುಖದಲ್ಲಿ ನೋವಿರಲಿಲ್ಲ, ಅಂಜಿಕೆಯಿರಲಿಲ್ಲ. ಅಷ್ಟು ಶಾಂತವಾದ ಮುಖವನ್ನು ಆ ಜನ ನೋಡಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯ ಮೇಲೆ ಮಗು ನರಳಿತು. ಚರಂತಯ್ಯ ತನ್ನ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿಕೊಂಡ.

"ಕೊನೆಗಳಿಗೆಯಲ್ಲಾದರೂ ಅವನಿಗೆ ವಾಸನೆ ತಿಳಿಯಿತೇ, ಬುದ್ಧಿ?"

"ನಿನಗೆ ತಿಳಿಯುತ್ತಿದೆಯೇ, ಮರಿ?"

ಚರಂತಯ್ಯ ಪೊಟ್ಟಣವನ್ನು ಕೆಳಗಿಟ್ಟು, ಆಸ್ಪತ್ರೆಗೆ ಹೋಗೆಂದು ಆ ತಾಯಿಗೆ ಹೇಳಲು ಜಗಲಿಯತ್ತ ಎದ್ದ.