ದಿಬ್ಬದ ಮೇಲಿನ ರಾಶಿ

"ಗುರುಗಳೇ, ಮಠದ ಅಟ್ಟದಲ್ಲಿ ಕಾಲಿಡಲೂ ಜಾಗವಿಲ್ಲ. ಅದರಲ್ಲಿ ಯಾವುದು ಕಸ, ಯಾವುದು ಅಲ್ಲ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ. ಪಂಚೆ ಎತ್ತಿ ಕಟ್ಟಿಕೊಂಡು, ಇಂದೇ ಎಲ್ಲ ಖಾಲಿ ಮಾಡಿಬಿಡುವ ಹುರುಪಿನಲ್ಲಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಕಡಲ ದಡದ ಒಂದು ಊರಿನಲ್ಲಿ ಒಬ್ಬ ಗುಜರಿಯವನಿದ್ದ. ಹುಟ್ಟಿದ್ದೇನೋ ಮೀನುಗಾರರ ಮನೆಯಲ್ಲೇ. ಆದರೆ ದೋಣಿ ಹತ್ತಿದರೆ ಸಾಕು, ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ತಮ್ಮ ಕಡಲಿಗೆ ಹೋದರೆ ಇವನು ಕೈಗಾಡಿ ತಳ್ಳಿಕೊಂಡು ಮನೆಮನೆಯ ಹಳೆಯ ಸಾಮಾನು ಸಾಗಿಸುತ್ತಿದ್ದ. ಊರವರು ಮುಸಿಮುಸಿ ನಗುತ್ತಿದ್ದರು. ತಾನೂ ಊರಿಗೆ ಬೇಕಾದವನು ಅನ್ನಿಸಿಕೊಳ್ಳಬೇಕೆಂದು ಅವನು ಒಳಗೊಳಗೇ ಹಂಬಲಿಸುತ್ತಿದ್ದ.

ಆ ದಿನವೂ ಬಂತು. ಊರು ಹುಟ್ಟಿ ನೂರು ವರ್ಷವಾಗಿತ್ತು. ಊರಿನ ಚರಿತ್ರೆ ಕೆತ್ತಿಸಿಟ್ಟಿದ್ದ ಕಲ್ಲನ್ನು ದಡದ ದಿಬ್ಬದ ಮೇಲೆ ನಿಲ್ಲಿಸುವುದೆಂದು ಹಿರಿಯರು ಸಭೆ ಸೇರಿ ತೀರ್ಮಾನಿಸಿದರು. ಆದರೆ ದಿಬ್ಬದ ತುಂಬ ಒಡೆದ ದೋಣಿಗಳ ರಾಶಿ. ಊರಿಗೆ ಮೊದಲು ಬಂದವರು ತಮ್ಮ ಮುರುಕು ದೋಣಿಯನ್ನು ಅಲ್ಲಿಗೆ ಎಳೆದು ಹಾಕಿದ್ದರಂತೆ. ಆಮೇಲೆ ಮುರಿದದ್ದೆಲ್ಲ ಅದರ ಮೇಲೆಯೇ ಬಿದ್ದಿತ್ತು. ಯಾಕೆ ಅಲ್ಲಿಯೇ ಎಂಬುದು ಸಭೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಚುಕ್ಕಾಣಿ ಹಿಡಿಯುವವರೆಲ್ಲ ಆ ವಾರ ಕಡಲಿನಲ್ಲಿದ್ದರು.

"ಮೂರೇ ದಿನ ಸಾಕು, ದಿಬ್ಬವನ್ನು ಅಂಗೈ ಹಾಗೆ ಮಾಡಿಕೊಡ್ತೇನೆ" ಎಂದು ಗುಜರಿಯವನು ಎದ್ದು ನಿಂತ. ಹೇಳಿದಂತೆಯೇ ಮಾಡಿದ. ಹಲಗೆಗಳೆಲ್ಲ ಹೆಂಚಿನ ಭಟ್ಟಿಗೆ ಹೋಗಿ ಬೂದಿಯಾದವು. ದಿಬ್ಬದ ಮೇಲೆ ಸೊಂಟದೆತ್ತರದ ಕಲ್ಲು ನಿಂತಿತು. ಊರವರು ಬೆನ್ನು ತಟ್ಟಿದ್ದೇ ತಟ್ಟಿದ್ದು, ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಏಳು ದೋಣಿಗಳು ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಬಂದು ಅಲ್ಲೇ ತಡೆದು ನಿಂತವು. ಒಂದಿಷ್ಟು ಮುಂದೆ ಬರುವುದು, ಮತ್ತೆ ಹಿಂದೆ ಸರಿಯುವುದು. ಅಲೆ ಏರುತ್ತಿತ್ತು. ದಡದಲ್ಲಿ ಹೆಂಗಸರು ಕೂಗಿಕೊಳ್ಳತೊಡಗಿದರು. ವಾರದಿಂದ ಜ್ವರದಲ್ಲಿ ಮಲಗಿದ್ದ ಒಬ್ಬ ಮುದುಕ, ಹಿಂದೆ ಚುಕ್ಕಾಣಿ ಹಿಡಿದಿದ್ದವನು, ಆ ಗದ್ದಲ ಕೇಳಿ ಕೋಲೂರಿಕೊಂಡು ಬಂದ. ದಿಬ್ಬ ನೋಡಿದವನೇ ಕಿರುಚಿದ.

"ರಾಶಿ ಎಲ್ಲಿ ಮಾರಾಯ್ರೇ? ನೀರಡಿಯ ಬಂಡೆಗಳ ನಡುವೆ ಇರುವುದೇ ಒಂದು ದಾರಿ! ಕಡಲಿಂದ ನೋಡುವಾಗ ಹಿಂದಿನ ಗುಡ್ಡದ ಕರಿಬಂಡೆಯ ನೇರ ಕೆಳಗೆ ಆ ರಾಶಿ ಕಂಡರೆ ಮಾತ್ರ ದೋಣಿ ಒಳಗೆ ಬರುವುದು!"

ಕೊನೆಯ ದೋಣಿಯಲ್ಲಿ ಗುಜರಿಯವನ ತಮ್ಮನಿದ್ದ. ಇವನು ಗಾಡಿಯನ್ನು ದಿಬ್ಬಕ್ಕೆ ತಳ್ಳಿಕೊಂಡು ಓಡಿದ, ಕಲ್ಲಿಗೆ ಆನಿಸಿ ನೆಟ್ಟಗೆ ನಿಲ್ಲಿಸಿದ. "ತನ್ನಿ! ಮನೆಯಲ್ಲಿ ಏನಿದೆಯೋ ಎಲ್ಲ ತನ್ನಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಮಂಚ ಬಂತು, ಏಣಿ ಬಂತು, ಬೆಂಚು ಬಂತು. ಸಭೆ ನಡೆಸಿದ ಹಿರಿಯನೇ ತನ್ನ ಮನೆಯ ಬಾಗಿಲು ಕಿತ್ತು ಹೊತ್ತು ತಂದ. "ಇನ್ನೂ ಎತ್ತರ! ಇನ್ನೂ!" ಎಂದು ಮುದುಕ ಕೋಲೆತ್ತಿ ಕುಣಿಯುತ್ತಿದ್ದ. ಚರಿತ್ರೆಯ ಕಲ್ಲು ಅಡಿಯಲ್ಲಿ ಎಲ್ಲೋ ಮುಚ್ಚಿಹೋಯಿತು.

ಆಗ ಮೊದಲ ದೋಣಿ ಮೂತಿ ತಿರುಗಿಸಿತು. ಬಂಡೆಗಳ ನಡುವೆ ನುಗ್ಗಿ ಒಳಗೆ ಬಂತು! ದಡವೆಲ್ಲ ಹೋ ಎಂದಿತು. ಅದರ ಹಿಂದೆ ಎರಡನೆಯದು, ಮೂರನೆಯದು. ಏಳನೆಯದು ಬಂಡೆಗೆ ಮೈ ಉಜ್ಜಿತು, ವಾಲಿತು, ಆದರೂ ಬಂತು. ಕಡಲಿನಿಂದ ದೂರವೇ ಉಳಿದಿದ್ದ ಗುಜರಿಯವನು ಎದೆಮಟ್ಟದ ನೀರಿಗೆ ಓಡಿಹೋಗಿ ತಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಕೇಳುತ್ತ ಕೇಳುತ್ತ ಶಿಷ್ಯ ಮಂಡಿಯ ಮೇಲೆ ಎದ್ದು ಕೂತಿದ್ದ.

"ಹಾಗಾದರೆ ಅದು ಕಸವೇ ಆಗಿರಲಿಲ್ಲ ಗುರುಗಳೇ! ಆ ಊರವರಿಗೆ ಕಣ್ಣೇ ಇರಲಿಲ್ಲ!" ಎಂದ.

ಅದಕ್ಕೆ ಗುರುಗಳು ಹೇಳಿದ ಒಂದು ಮಾತಿಗೆ ಶಿಷ್ಯ ಎತ್ತಿ ಕಟ್ಟಿದ್ದ ಪಂಚೆ ಇಳಿಸಿದ:

"ಕಣ್ಣಿತ್ತಪ್ಪ, ದಡದಲ್ಲಿ ನಿಂತು ನೋಡಿದವರಿಗೆ ಅದು ಕಸವೇ."